ತೊಟ್ಟಿಯೊಳಗಣ ಕಡಲು

ಚಾಮರಾಜನಗರ ತಾಲ್ಲೂಕಿನ ಹರವೆಯಲ್ಲಿರುವವನು ಪಶ್ಚಿಮದ ಕಡಲನ್ನು ಕಾಣಬೇಕಾದರೆ ಗುಂಡ್ಲುಪೇಟೆಯನ್ನು ಹಾದು, ಬಂಡೀಪುರದ ಕಾಡನ್ನು ದಾಟಿ, ವಯನಾಡಿನ ಘಟ್ಟವನ್ನಿಳಿದು ಕಲ್ಲಿಕೋಟೆಯನ್ನು ಸೇರಬೇಕು. ದಾರಿ ನೂರೈವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಕಾಡಿನ ಪ್ರಾಣಿಗಳ ಹಿತಕ್ಕಾಗಿ 2009ರಿಂದ ಆ ಮಾರ್ಗವನ್ನು ರಾತ್ರಿ ಒಂಬತ್ತು ಗಂಟೆಯಿಂದ ಬೆಳಗಿನ ಆರರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿಡುತ್ತಾರೆ. ನೂರು ಲೀಟರು ಕಡಲ ನೀರಿನ ತೂಕವೇ ನೂರೆರಡು ಕಿಲೋಗ್ರಾಂ. ಇಂತಹ ಊರಿನಲ್ಲಿ ಕುಳಿತು, ಮನೆಯ ಗಾಜಿನ ತೊಟ್ಟಿಯಲ್ಲಿ ಕಡಲ ಮೀನನ್ನು ಸಾಕುವುದು ಸಾಧ್ಯವೆ?

ಸಾಧ್ಯವುಂಟು. ಕಡಲಿನಿಂದ ದೂರವಿದ್ದವರೇ ಈ ವಿದ್ಯೆಯನ್ನು ಮೊದಲು ಕಲಿತರು. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ದಕ್ಷಿಣ ತೀರದ ಟಾರ್ಕೀಯಿಂದ ಹವಳದ ಜೀವಿಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ಹೊಸ ಕಡಲ ನೀರನ್ನು ದಿನದಿನವೂ ತರಿಸುವುದು ಆಗದ ಮಾತು. ಆದುದರಿಂದ ಆಕೆಯ ಮನೆಯ ಸೇವಕಿಯು ತೆರೆದ ಕಿಟಕಿಯ ಬಳಿ ನಿಂತು, ಆ ನೀರನ್ನು ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಪ್ರತಿದಿನವೂ ಅರ್ಧ ಮುಕ್ಕಾಲು ಗಂಟೆಯ ಕಾಲ ಸುರಿಯುತ್ತಿದ್ದಳು. ನೀರು ಗಾಳಿಯನ್ನು ಹೀರಿಕೊಂಡಿತು; ಜೀವಿಗಳು ಬದುಕಿದವು. ಇಂದು ಐದಾರು ವಾಟಿನ ಪಂಪು ಮಾಡುವ ಕೆಲಸವನ್ನು ಅಂದು ಆ ಹೆಂಗಸಿನ ತೋಳುಗಳು ಮಾಡಿದವು. ಆಕೆಯ ಹೆಸರನ್ನು ಮಾತ್ರ ಚರಿತ್ರೆ ನೆನಪಿನಲ್ಲಿಟ್ಟಿಲ್ಲ.

ಮೊದಲು ನೀರಿನ ವಿಚಾರ. ಕಡಲ ನೀರೆಂದರೆ ಉಪ್ಪು ಬೆರೆಸಿದ ನೀರಷ್ಟೆ ಎಂದು ತಿಳಿಯುವುದು ತಪ್ಪು. ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ನೂರಕ್ಕೆ 85 ಪಾಲು ಸೋಡಿಯಮ್ ಮತ್ತು ಕ್ಲೋರೈಡು. ಉಳಿದುದು ಸಲ್ಫೇಟು, ಮೆಗ್ನೀಸಿಯಮ್, ಕ್ಯಾಲ್ಸಿಯಮ್, ಪೊಟಾಸಿಯಮ್ ಮೊದಲಾದವು. ಚಾಲೆಂಜರ್ ಹಡಗು ಜಗತ್ತಿನ ಕಡಲುಗಳಿಂದ ಸಂಗ್ರಹಿಸಿ ತಂದ 77 ಮಾದರಿಗಳನ್ನು ಡಿಟ್ಮಾರ್ ಎಂಬ ರಸಾಯನವಿಜ್ಞಾನಿ ಪರೀಕ್ಷಿಸಿ, 1884ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಉಪ್ಪಿನ ಒಟ್ಟು ಪ್ರಮಾಣ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಇದ್ದರೂ ಮುಖ್ಯ ಲವಣಗಳು ತಮ್ಮ ತಮ್ಮೊಳಗೆ ಇಟ್ಟುಕೊಂಡ ಅನುಪಾತವು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಎಂಬುದು ಅದರಿಂದ ಸ್ಥಿರಪಟ್ಟಿತು. ಈ ಅನುಪಾತವನ್ನು ಅನುಸರಿಸಿ ತಯಾರಿಸಿದ ಲವಣ ಮಿಶ್ರಣಗಳು ಈಗ ಮಾರಾಟಕ್ಕೆ ದೊರೆಯುತ್ತವೆ. ನೂರು ಲೀಟರಿಗೆ ಮೂರೂವರೆ ಕಿಲೋಗ್ರಾಮಿಗೆ ಮಿಕ್ಕಷ್ಟು ಬೇಕು. ಅಡಿಗೆಯ ಉಪ್ಪಿನಿಂದ ಈ ಕೆಲಸ ಸಾಗದು.

ಕರಗಿಸುವ ನೀರು ಶುದ್ಧವಾಗಿರತಕ್ಕದ್ದು. ಈ ಸೀಮೆಯಲ್ಲಿ ಅನೇಕ ಕೊಳವೆಬಾವಿಗಳ ನೀರು ಗಡಸು. ಗೊಬ್ಬರ ಹಾಕಿದ ಹೊಲಗಳಿಂದ ನೈಟ್ರೇಟು ಸೇರಿರುವುದೂ ಉಂಟು. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನಿಗೆ ಹಿಡಿಯುವ ನೀರು ಇದಕ್ಕಿಂತ ಮೇಲು. ಕ್ಲೋರಿನ್ ಬೆರೆತ ನಲ್ಲಿಯ ನೀರನ್ನು ಹಾಗೆಯೇ ಬಳಸಬಾರದು. ಅದೇಕೆಂಬುದು ಮುಂದೆ ತಿಳಿಯುವುದು.

ಉಪ್ಪು ಹದಕ್ಕೆ ಬಂದಿತೆಂದು ತಿಳಿಯಲು ವಿಶಿಷ್ಟ ಗುರುತ್ವವನ್ನು ಅಳೆಯಬೇಕು, ಅದು 1.023ರಿಂದ 1.025ರವರೆಗೆ ಇರಬೇಕು. ಇದಕ್ಕೆಂದೇ ಮಾಡಿದ ಹೈಡ್ರೋಮೀಟರು ಉಂಟು. ಅದು ಕೈಯಲ್ಲಿಲ್ಲದವರು ಹಾಲಿನ ಡೈರಿಯ ಕಡೆ ನೋಡಬಹುದು. 15ರಿಂದ 40ರವರೆಗೆ ಅಂಕೆ ಬರೆದ ಲ್ಯಾಕ್ಟೋಮೀಟರಿನಲ್ಲಿ 25 ಎಂದರೆ 1.025 ಎಂದೇ ಅರ್ಥ. ಹಾಲೂ ಕಡಲ ನೀರೂ ಸಾಂದ್ರತೆಯಲ್ಲಿ ನೆರೆಹೊರೆಯವು. ಉಪಕರಣದ ಮೇಲೆ ಬರೆದ ಉಷ್ಣತೆಯಲ್ಲಿ ಅಳೆಯಬೇಕು, ಅಷ್ಟೆ. ಬೇಸಗೆಯಲ್ಲಿ ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದುದರಿಂದ ಆರಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರಿನಿಂದಲ್ಲ.

ನೀರು ಸಿದ್ಧವಾಯಿತು, ತಿಳಿಯಾಗಿ ಹೊಳೆಯುತ್ತಿದೆ, ಸೋಸುವ ಯಂತ್ರವೂ ಓಡುತ್ತಿದೆ. ವಿದ್ಯಾರ್ಥಿಯೊಬ್ಬನು ಅಂದೇ ನಾಲ್ಕು ಮೀನುಗಳನ್ನು ತಂದು ಬಿಟ್ಟನೆಂದಿಟ್ಟುಕೊಳ್ಳೋಣ. ಒಂದೆರಡು ವಾರದೊಳಗೆ ನಾಲ್ಕೂ ಸಾಯುವ ಸಂಭವವೇ ಹೆಚ್ಚು. ಆಗಲೂ ನೀರು ತಿಳಿಯಾಗಿಯೇ ಇರುತ್ತದೆ! ಸೋಸುವುದೆಂದರೆ ಜರಡಿ ಹಿಡಿಯುವುದೆಂದು ಬಗೆದುದೇ ಇಲ್ಲಿ ಆದ ತಪ್ಪು. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯವನ್ನು ಹೊರಹಾಕುತ್ತದೆ. ನೀರಿನಲ್ಲಿ ಕರಗಿಹೋದ ಅದನ್ನು ಯಾವ ಬಟ್ಟೆಯೂ ಯಾವ ಸ್ಪಂಜೂ ಹಿಡಿಯಲಾರದು. ಅದಕ್ಕೆ ಬಣ್ಣವೂ ಇಲ್ಲ.

ಕಡಲ ತೊಟ್ಟಿಯಲ್ಲಿ ಈ ವಿಷದ ಕಾಟ ಹೆಚ್ಚು. ಅಮೋನಿಯವು ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ವಿದ್ಯುದಂಶವಿಲ್ಲದ ರೂಪವೇ ಮೀನಿನ ಕಿವಿರನ್ನು ಸುಲಭವಾಗಿ ಹೊಕ್ಕು ಕೊಲ್ಲುವಂತಹುದು. ಪಿ.ಎಚ್. 7 ಇರುವ ಸಿಹಿನೀರಿನಲ್ಲಿ ಅದು ನೂರಕ್ಕೆ ಒಂದು ಪಾಲೂ ಇರದು. ಆದರೆ ಕಡಲ ನೀರು ತುಸು ಕ್ಷಾರೀಯ, ಅದರ ಪಿ.ಎಚ್. ಸುಮಾರು 8.2. ಅಲ್ಲಿ ಈ ಪಾಲು ಹತ್ತುಪಟ್ಟಿಗೂ ಮೀರುತ್ತದೆ. ಸಾಲದುದಕ್ಕೆ, 25 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರು ಸಿಹಿನೀರು ಎಂಟು ಮಿಲಿಗ್ರಾಮಿಗೆ ಮಿಕ್ಕಷ್ಟು ಆಮ್ಲಜನಕವನ್ನು ಹಿಡಿದಿಟ್ಟರೆ, ಉಪ್ಪುನೀರು ಏಳಕ್ಕೂ ಕಡಿಮೆ ಹಿಡಿದಿಡುತ್ತದೆ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿರುವ ನಮ್ಮ ಸೀಮೆಯಲ್ಲಿ ಅದು ಇನ್ನೂ ಸ್ವಲ್ಪ ಕಡಿಮೆ.

ಹಾಗಾದರೆ ಅಮೋನಿಯವನ್ನು ಕಳೆಯುವವರು ಯಾರು? ಇದರ ಉತ್ತರ ದೊರೆತುದು ಮೀನಿನ ತೊಟ್ಟಿಯಲ್ಲಲ್ಲ, ಚರಂಡಿಯ ನೀರಿನಲ್ಲಿ. 1877ರಲ್ಲಿ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ಫ್ರೆಂಚ್ ವಿಜ್ಞಾನಿಗಳು ಉದ್ದವಾದ ಗಾಜಿನ ಕೊಳವೆಯೊಂದರಲ್ಲಿ ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿ, ಮೇಲಿನಿಂದ ಚರಂಡಿ ನೀರನ್ನು ನಿಧಾನವಾಗಿ ಇಳಿಬಿಟ್ಟರು. ಇಪ್ಪತ್ತು ದಿನಗಳವರೆಗೆ ಏನೂ ಆಗಲಿಲ್ಲ. ಹೊಕ್ಕ ಅಮೋನಿಯ ಹೊಕ್ಕಂತೆಯೇ ಹೊರಬಂದಿತು. ಅನಂತರ ನೈಟ್ರೇಟು ಕಾಣಿಸಿಕೊಂಡಿತು. ಬರಬರುತ್ತ ಅಮೋನಿಯ ಮಾಯವಾಯಿತು. ಇದು ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಇಪ್ಪತ್ತು ದಿನ ಕಾಯಬೇಕಾದುದೇಕೆ? ಅವರು ಕೊಳವೆಯೊಳಕ್ಕೆ ಕ್ಲೋರೋಫಾರಮಿನ ಆವಿಯನ್ನು ಬಿಟ್ಟರು. ಕ್ರಿಯೆ ನಿಂತಿತು. ಆವಿಯನ್ನು ಹೊರದೂಡಿದರೂ ಅದು ಮರಳಲಿಲ್ಲ. ತೋಟದ ಮಣ್ಣನ್ನು ಕಲಕಿದ ನೀರನ್ನು ಹಾಕಿದ ಮೇಲೆ ಮತ್ತೆ ಆರಂಭವಾಯಿತು. ಮರಳಿನಲ್ಲಿ ದುಡಿಯುತ್ತಿದ್ದುದು ಜೀವಿಗಳು! 1890ರ ಹೊತ್ತಿಗೆ ವಿನೊಗ್ರಾಡ್‌ಸ್ಕಿ ಅವುಗಳನ್ನು ಬೇರ್ಪಡಿಸಿ ತೋರಿಸಿದನು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟನ್ನಾಗಿಯೂ ಮತ್ತೊಂದು ಬಗೆಯವು ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಅದರಿಂದ ಬರುವ ಶಕ್ತಿಯಲ್ಲಿ ಬದುಕುತ್ತವೆ.

ಈ ಜೀವಿಗಳು ಹರವೆಯವರಿಗೆ ಅಪರಿಚಿತವಲ್ಲ. ಹಳೆಯ ದನದ ಕೊಟ್ಟಿಗೆಯ ಮಣ್ಣುಗೋಡೆಯ ಬುಡದಲ್ಲಿ ಬೂದಿಯಂತೆ ಬಿಳಿಯಾಗಿ ಏಳುವ ಪೆಟ್ಲುಪ್ಪು, ಗಂಜಲದ ಸಾರಜನಕವನ್ನು ಇಂತಹವೇ ನೈಟ್ರೇಟಾಗಿ ಪರಿವರ್ತಿಸಿದುದರ ಫಲ. ಕಡಲಿನಲ್ಲಿ ಕೆಲಸ ಮಾಡುವವು ಬೇರೆ ತಳಿಗಳು. ಅವುಗಳಲ್ಲಿ ಒಂದು, ಅದುವರೆಗೆ ಯಾರೂ ಊಹಿಸದಿದ್ದ ಆರ್ಕಿಯ ಎಂಬ ಗುಂಪಿಗೆ ಸೇರಿದುದು. ಅದನ್ನು ಮೊದಲು ಬೇರ್ಪಡಿಸಿದುದು ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಗಾರದ ತೊಟ್ಟಿಯೊಂದರ ಜಲ್ಲಿಯಿಂದ. ವರ್ಷ 2005. ಸಾಗರಗಳಲ್ಲಿ ಅಪಾರ ಸಂಖ್ಯೆಯಲ್ಲಿರುವ ಜೀವಿಯ ನೆಂಟನೊಂದು ಮೀನುತೊಟ್ಟಿಯ ತಳದಲ್ಲಿ ಸಿಕ್ಕಿತೆಂಬುದು ಸೋಜಿಗವಲ್ಲವೆ?

ಇಷ್ಟು ತಿಳಿದ ಮೇಲೆ ತೊಟ್ಟಿಯನ್ನು ಸಿದ್ಧಪಡಿಸುವ ಕ್ರಮ ತಾನಾಗಿಯೇ ಸ್ಪಷ್ಟವಾಗುತ್ತದೆ. ಸ್ಪಂಜು, ಜಲ್ಲಿ, ಸರಂಧ್ರವಾದ ಕಲ್ಲು ಇವೆಲ್ಲ ಏಕಾಣುಜೀವಿಗಳು ನೆಲೆಸುವ ಮನೆಗಳು. ಪಂಪು ಅವುಗಳಿಗೆ ಅಮೋನಿಯವನ್ನೂ ಆಮ್ಲಜನಕವನ್ನೂ ಒಯ್ದು ಕೊಡುವ ಆಳು. ಮೀನಿಲ್ಲದ ತೊಟ್ಟಿಗೆ ಕಾಲೇಜಿನ ಪ್ರಯೋಗಶಾಲೆಯ ಶುದ್ಧ ನವಸಾಗರವನ್ನು ನೂರು ಲೀಟರಿಗೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚಾಗಿ ಕರಗಿಸಿದರೆ, ಲೀಟರಿಗೆ ಸುಮಾರು ಎರಡು ಮಿಲಿಗ್ರಾಂ ಅಮೋನಿಯ ದೊರೆಯುತ್ತದೆ. ಹಳೆಯ ಕಡಲ ತೊಟ್ಟಿಯೊಂದರ ಹಿಡಿ ಜಲ್ಲಿ ಸಿಕ್ಕಿದರೆ ಹೆಪ್ಪು ಹಾಕಿದಂತೆ, ಕೆಲಸ ಬೇಗ. ಇಲ್ಲದಿದ್ದರೆ ನಾಲ್ಕರಿಂದ ಆರು ವಾರ. ಬಣ್ಣ ತೋರುವ ಪರೀಕ್ಷಾದ್ರವದಿಂದ ಎರಡು ದಿನಕ್ಕೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಅಮೋನಿಯ ಇಳಿಯುತ್ತದೆ, ನೈಟ್ರೈಟು ಏರುತ್ತದೆ, ಅದೂ ಇಳಿದು ನೈಟ್ರೇಟು ಉಳಿಯುತ್ತದೆ. ಆಮೇಲೆ ಮೀನು. ಬೆಳಿಗ್ಗೆ ತೊಟ್ಟಿ, ಸಂಜೆಗೆ ಮೀನು ಎಂದು ಮಾರುವ ಅಂಗಡಿಯವನ ಮಾತನ್ನು ಕೇಳಬಾರದು.

ಸ್ಪಂಜು ಕೊಳೆಯಾದಾಗ ಅದನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜುವುದು, ಶ್ಲೋಸಿಂಗರ ಕ್ಲೋರೋಫಾರಮಿಗೆ ಸಮಾನವಾದ ಕೆಲಸ. ತೊಟ್ಟಿಯಿಂದ ತೆಗೆದ ಉಪ್ಪುನೀರಿನಲ್ಲೇ ಅದನ್ನು ಮೆಲ್ಲನೆ ಹಿಂಡಿದರೆ ಸಾಕು. ಹಳ್ಳಿಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯ ವಿದ್ಯುತ್ತಿನದು. ಮುಚ್ಚಿದ ಡಬ್ಬಿಯಂತಹ ಸೋಸುಯಂತ್ರದಲ್ಲಿ ಪಂಪು ಕೆಲವು ಗಂಟೆ ನಿಂತರೆ ಒಳಗಿನ ಆಮ್ಲಜನಕ ಮುಗಿದು, ಕೆಲಸಗಾರರು ಸಾಯತೊಡಗುತ್ತಾರೆ. ಮತ್ತೆ ಓಡಿಸಿದಾಗ ಆ ಕೊಳೆತ ನೀರು ಮೀನಿನ ಮೇಲೆ ಬೀಳುತ್ತದೆ. ನಮ್ಮ ಕಡೆಗೆ ಗಾಳಿಯಿಂದ ನಡೆಯುವ ಸರಳ ಸ್ಪಂಜಿನ ಸೋಸುಕವೂ ಬ್ಯಾಟರಿಯ ಗಾಳಿಪಂಪೂ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ. ಅದೂ ಇಲ್ಲದ ರಾತ್ರಿ ಚೊಂಬಿನಿಂದ ನೀರನ್ನು ಎತ್ತಿ ಎತ್ತಿ ಸುರಿಯಬೇಕು, ಲಂಡನ್ನಿನ ಆ ಸೇವಕಿಯಂತೆ.

ಕಡಲ ತೊಟ್ಟಿಗೆ ಮಾತ್ರ ಸಲ್ಲುವ ಇನ್ನೊಂದು ಸಾಧನವುಂಟು. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾದಾಗ ಮೇಲೇಳುವ ಕೊಳೆಯನ್ನು ತೆಗೆದುಹಾಕುವುದನ್ನು ಎಲ್ಲರೂ ಕಂಡಿದ್ದಾರೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಸಿಹಿನೀರಿನಲ್ಲಿಗಿಂತ ಬಹಳ ಸಣ್ಣವಾಗಿ ಒಡೆಯದೆ ಉಳಿಯುತ್ತವೆ. ಕೊಳವೆಯೊಂದರಲ್ಲಿ ಅಂತಹ ಗುಳ್ಳೆಗಳನ್ನು ಎಬ್ಬಿಸಿದರೆ ಕೊಳೆಯುವ ಮುನ್ನವೇ ಪ್ರೋಟೀನುಗಳು ಅವುಗಳಿಗೆ ಅಂಟಿಕೊಂಡು ನೊರೆಯಾಗಿ ಮೇಲಿನ ಬಟ್ಟಲಿಗೆ ಬೀಳುತ್ತವೆ. ಕೊನೆಯಲ್ಲಿ ಉಳಿಯುವ ನೈಟ್ರೇಟಿಗೆ ಎರಡು ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ಬದಲಿಸುವುದೇ ಸುಲಭದ ಉಪಾಯ.

ಯಾವ ಮೀನು? ಹವಳದ ದಿಬ್ಬಗಳಿಂದ ಹಿಡಿದು ತಂದವಕ್ಕಿಂತ ಮರಿಕೇಂದ್ರದಲ್ಲಿ ಹುಟ್ಟಿದ ಕ್ಲೌನ್ ಮೀನು ಉತ್ತಮ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಡಪಂ ಮತ್ತು ವಿಳಿಞ್ಞಂ ಕೇಂದ್ರಗಳಲ್ಲಿ ಇವುಗಳ ಮರಿ ಮಾಡಿಸುವ ವಿಧಾನಗಳು ರೂಪುಗೊಂಡಿವೆ. ದಿಬ್ಬ ಕಟ್ಟುವ ಜೀವಂತ ಹವಳವನ್ನೂ ಕಡಲಕುದುರೆಯನ್ನೂ ಯಾರು ಮಾರಿದರೂ ಕೊಳ್ಳಬಾರದು. 2001ರಿಂದ ಅವು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಮೊದಲಿಗೆ ಎರಡೇ ಮೀನುಗಳನ್ನು ಬಿಟ್ಟು, ಅಮೋನಿಯದ ಪರೀಕ್ಷೆಯನ್ನು ಇನ್ನೂ ಒಂದು ತಿಂಗಳು ಮುಂದುವರಿಸಬೇಕು. ಏಕಾಣುಜೀವಿಗಳ ಸಂಖ್ಯೆ ಮೀನಿನ ಸಂಖ್ಯೆಯನ್ನು ಹಿಂಬಾಲಿಸಿ ಬೆಳೆಯುವುದೇ ಹೊರತು ಅದಕ್ಕೆ ಮುಂದಾಗಿ ಓಡುವುದಿಲ್ಲ.