ದಣಿವಿನ ಲೆಕ್ಕ

ಕಳೆದ ಬೇಸಿಗೆಯ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಂದೆಯವರೊಡನೆ ನಮ್ಮ ಮನೆಗೆ ಬಂದನು. ಬಂದನು ಎನ್ನುವುದಕ್ಕಿಂತ, ತಂದೆಯವರು ಅವನನ್ನು ಕರೆದುಕೊಂಡು ಬಂದರು ಎನ್ನುವುದೇ ಸರಿಯಾದೀತು. ಆರು ವರ್ಷಗಳ ಹಿಂದೆ ನಮ್ಮ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಓದಿ ಒಳ್ಳೆಯ ದರ್ಜೆಯಲ್ಲಿ ತೇರ್ಗಡೆಯಾದ ಈ ಹುಡುಗನು ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದನು. ಹೊರದೇಶದ ಗಿರಾಕಿಗಳ ಕಂಪ್ಯೂಟರುಗಳು ಕೆಡದಂತೆ ರಾತ್ರಿಯೆಲ್ಲ ಕಾಯುವ ಕೆಲಸ. ಸಂಬಳ ಚೆನ್ನಾಗಿಯೇ ಇತ್ತು. ಅಂಥ ಕೆಲಸಕ್ಕೆ ಅವನು ಹಿಂದಿನ ವಾರ ರಾಜೀನಾಮೆಯನ್ನು ಕೊಟ್ಟಿದ್ದನು. ಕಾರಣವಿಷ್ಟೆ: ಒಂದು ವರ್ಷದಲ್ಲಿ ಮೂರು ಸಲ ಕೇಳಿದರೂ ಅವನಿಗೆ ರಜೆ ಸಿಕ್ಕಿರಲಿಲ್ಲ.

“ರಜೆ ಕೊಡಲಿಲ್ಲವೆಂದು ಯಾರಾದರೂ ಕೆಲಸ ಬಿಡುತ್ತಾರೆಯೇ, ಮೇಷ್ಟ್ರೇ? ನೀವಾದರೂ ಇವನಿಗೆ ನಾಲ್ಕು ಮಾತು ಬುದ್ಧಿ ಹೇಳಿ. ಕೊಟ್ಟ ಕಾಗದವನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಇನ್ನೂ ಅವಕಾಶವಿದೆಯಂತೆ” ಎಂದರು ತಂದೆ. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ತಮ್ಮ ಗಳಿಕೆ ರಜೆಯನ್ನು ವರ್ಷವರ್ಷವೂ ಸರಕಾರಕ್ಕೆ ಒಪ್ಪಿಸಿ, ನಗದು ಮಾಡಿಕೊಂಡು ಮಕ್ಕಳನ್ನು ಓದಿಸಿದವರು.

ಹುಡುಗನು ಹೆಚ್ಚು ಮಾತನಾಡಲಿಲ್ಲ. “ಇಲ್ಲವೆಂದು ಅವರು ಹೇಳಲಿಲ್ಲ, ಸರ್. ಈ ಕೆಲಸ ಮುಗಿಯಲಿ, ಮುಂದಿನ ತಿಂಗಳು ನೋಡೋಣ ಎಂದರು. ನನ್ನ ಲೆಕ್ಕದಲ್ಲಿ 34 ದಿನ ಹಾಗೆಯೇ ಇದೆ” ಎಂದನು.

“ಇದ್ದ ಮೇಲೆ ಎಲ್ಲಿಗೆ ಹೋಗುತ್ತದೆ? ಗಂಟು ಭದ್ರವಾಗಿದೆಯಲ್ಲ!” ಎಂದು ತಂದೆಯವರು ನನ್ನ ಮುಖವನ್ನು ನೋಡಿದರು.

ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಕಾಫಿ ಕುಡಿದು ಅವರು ಹೊರಟುಹೋದರು. ಆದರೆ ಅವರ ಮಾತಿನೊಳಗೆ ವಿಜ್ಞಾನದ ಒಂದು ಪ್ರಶ್ನೆ ಅಡಗಿದೆಯೆಂಬುದು ರಾತ್ರಿ ನನಗೆ ತೋರಿತು. ಇಂದು ತೆಗೆದುಕೊಳ್ಳಬೇಕಾದ ವಿಶ್ರಾಂತಿಯನ್ನು ಆರು ತಿಂಗಳ ಅನಂತರ ತೆಗೆದುಕೊಂಡರೆ ಅದು ಅದೇ ವಿಶ್ರಾಂತಿಯೆ? ಕಡತದಲ್ಲಿ ರಜೆಯನ್ನು ಮುಂದಕ್ಕೆ ಒಯ್ಯಬಹುದು. 1948ರ ನಮ್ಮ ಕಾರ್ಖಾನೆಗಳ ಕಾಯಿದೆಯಂತೂ, ಕೇಳಿದರೂ ಕೊಡದೆ ಹೋದ ರಜೆಯನ್ನು ಮಿತಿಯಿಲ್ಲದೆ ಮುಂದಕ್ಕೆ ಒಯ್ಯುವ ಹಕ್ಕನ್ನು ಕೆಲಸಗಾರನಿಗೆ ಕೊಟ್ಟಿತ್ತು. ಕಾಯಿದೆಗೆ ಇದಕ್ಕಿಂತ ಹೆಚ್ಚಿನದನ್ನು ಮಾಡಲು ಬಾರದು. ದೇಹವೂ ಇದೇ ರೀತಿಯಲ್ಲಿ ಲೆಕ್ಕವನ್ನು ಇಡುತ್ತದೆಯೇ ಎಂಬುದನ್ನು ಪ್ರಯೋಗದಿಂದಲೇ ತಿಳಿಯಬೇಕು.

ಅಂಥ ಪ್ರಯೋಗಗಳನ್ನು ಮೊದಲಿಗೆ ಕ್ರಮವಾಗಿ ನಡೆಸಿದವರಲ್ಲಿ ಇಟಲಿಯ ತೂರಿನ್ ನಗರದ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ ಪ್ರಮುಖನು. ದಣಿವನ್ನು ಕುರಿತ ಅವನ ಗ್ರಂಥವು 1891ರಲ್ಲಿ ಹೊರಬಂದಿತು. ಅವನು ರಚಿಸಿದ ಎರ್ಗೋಗ್ರಾಫ್ ಎಂಬ ಉಪಕರಣವು ನಮ್ಮ ಪ್ರಯೋಗಶಾಲೆಯ ಯಾವ ವಿದ್ಯಾರ್ಥಿಗೂ ಅರ್ಥವಾಗುವಷ್ಟು ಸರಳವಾದುದು. ಮುಂಗೈಯನ್ನು ಹಲಗೆಯೊಂದಕ್ಕೆ ಅಲುಗಾಡದಂತೆ ಬಿಗಿದು, ನಡುಬೆರಳಿಗೆ ದಾರವನ್ನು ಕಟ್ಟಿ, ಆ ದಾರವನ್ನು ರಾಟೆಯ ಮೇಲೆ ಹಾಯಿಸಿ ಅದರ ತುದಿಗೆ ಕೆಲವು ಕಿಲೋಗ್ರಾಂ ತೂಕವನ್ನು ತೂಗುಬಿಡುವುದು. ತಾಳಕ್ಕೆ ಸರಿಯಾಗಿ ಬೆರಳನ್ನು ಮಡಿಸಿ ತೂಕವನ್ನು ಎತ್ತುತ್ತ ಹೋದಂತೆ, ಪ್ರತಿಯೊಂದು ಎತ್ತರವೂ ಮಸಿಹಿಡಿಸಿದ ಕಾಗದದ ಮೇಲೆ ಗೀಟಾಗಿ ಮೂಡುತ್ತದೆ. ಮೊದಲಿನ ಗೀಟುಗಳು ಉದ್ದವಾಗಿರುತ್ತವೆ, ಕ್ರಮೇಣ ಗಿಡ್ಡವಾಗುತ್ತವೆ, ಕೊನೆಗೆ ಎಷ್ಟು ಪ್ರಯತ್ನಿಸಿದರೂ ತೂಕವು ಮೇಲೇಳುವುದಿಲ್ಲ. ದಣಿವೆಂಬ ಕಣ್ಣಿಗೆ ಕಾಣದ ವಸ್ತುವು ಹೀಗೆ ಕಾಗದದ ಮೇಲೆ ಇಳಿಯುವ ರೇಖೆಯಾಗಿ ಕಾಣಿಸಿಕೊಂಡಿತು.

ಮೊಸ್ಸೊನ ಸಹೋದ್ಯೋಗಿ ಮಾಜೋರಾ ಇದೇ ಉಪಕರಣದಿಂದ ಇನ್ನೊಂದು ಪ್ರಶ್ನೆಯನ್ನು ಕೇಳಿದನು: ಸೋತ ಸ್ನಾಯುವು ಮತ್ತೆ ಮೊದಲಿನಂತಾಗಲು ಎಷ್ಟು ಹೊತ್ತು ಬೇಕು? 30 ಸಲ ಎತ್ತಿ ಪೂರ್ತಿ ಸೋತ ಬೆರಳಿಗೆ ಎರಡು ಗಂಟೆಗಳ ವಿಶ್ರಾಂತಿ ಬೇಕಾಯಿತು. ಹಾಗಾದರೆ 15 ಸಲಕ್ಕೇ ನಿಲ್ಲಿಸಿದರೆ? ಅರ್ಧ ಕೆಲಸಕ್ಕೆ ಅರ್ಧ ವಿಶ್ರಾಂತಿ, ಎಂದರೆ ಒಂದು ಗಂಟೆ, ಎಂದು ನಾವು ಎಣಿಸುತ್ತೇವೆ. ಆದರೆ ಅರ್ಧ ಗಂಟೆಯೇ ಸಾಕಾಯಿತು! ಕೆಲಸವನ್ನು ಇಮ್ಮಡಿಸಿದರೆ ವಿಶ್ರಾಂತಿಯನ್ನು ನಾಲ್ಮಡಿಗೊಳಿಸಬೇಕು ಎಂದಾಯಿತಷ್ಟೆ. ಕೊನೆಯ ಹದಿನೈದು ಎತ್ತುವಿಕೆಗಳು ಮೊದಲಿನ ಹದಿನೈದಕ್ಕಿಂತ ಕಡಮೆ ಕೆಲಸವನ್ನು ಮಾಡುತ್ತವೆ. ಆದರೆ ವಸೂಲುಮಾಡುವ ಬೆಲೆ ಮೂರು ಪಟ್ಟು. ಸಾಲಗಾರನ ಭಾಷೆಯಲ್ಲಿ ಹೇಳುವುದಾದರೆ, ದಣಿವು ಬಡ್ಡಿಯಿಲ್ಲದ ಸಾಲವಲ್ಲ.

ಒಂದು ಬೆರಳಿನ ಮಾತನ್ನು ಇಡೀ ಮನುಷ್ಯನಿಗೆ, ಅವನ ಇಡೀ ವರ್ಷಕ್ಕೆ ಅನ್ವಯಿಸುವುದು ಸಾಹಸವೆಂಬುದನ್ನು ನಾನು ಬಲ್ಲೆ. ನಾಲ್ಮಡಿಯೆಂಬುದು ಪ್ರಕೃತಿಯ ನಿಯಮವೇನೂ ಅಲ್ಲ. ಆದರೆ ದಣಿವು ಬರಿಯ ಬೆರಳಿನ ವಿಷಯವೂ ಅಲ್ಲ. ಮಾಜೋರಾ ವಿದ್ಯಾರ್ಥಿಗಳಿಗೆ ಗಂಟೆಗಟ್ಟಲೆ ಮೌಖಿಕ ಪರೀಕ್ಷೆಯನ್ನು ನಡೆಸಿ ಬಂದು ಉಪಕರಣಕ್ಕೆ ಕೈಯೊಡ್ಡಿದಾಗ, ಕೈಯಿಂದ ಯಾವ ಕೆಲಸವನ್ನೂ ಮಾಡಿರದಿದ್ದರೂ ಅವನ ಬೆರಳು ಬಹು ಬೇಗ ಸೋತಿತು. ಪರೀಕ್ಷೆಯಲ್ಲಿ ದಣಿಯುವವರು ತಾವು ಮಾತ್ರವೆಂದು ತಿಳಿದಿರುವ ವಿದ್ಯಾರ್ಥಿಮಿತ್ರರು ಇದನ್ನು ಗಮನಿಸಬೇಕು.

ಭೌತವಿಜ್ಞಾನಿಗಳಾದ ನಮಗೂ ದಣಿವೆಂಬ ಮಾತು ಪರಿಚಿತವಾದುದೇ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರೈಲುಗಾಡಿಗಳ ಅಚ್ಚುಗಳು, ತಾಳಬಲ್ಲ ಭಾರಕ್ಕಿಂತ ಎಷ್ಟೋ ಕಡಮೆ ಭಾರದಲ್ಲಿಯೇ ಥಟ್ಟನೆ ಮುರಿಯುತ್ತಿದ್ದವು. ಸಣ್ಣ ಒತ್ತಡವೇ ಲಕ್ಷಾಂತರ ಸಲ ಮರುಕಳಿಸಿದರೆ ಉಕ್ಕಿನೊಳಗೆ ಬಿರುಕು ಬೆಳೆಯುತ್ತದೆಯೆಂಬುದನ್ನು ಪ್ರಷ್ಯದ ಇಂಜಿನಿಯರ್ ವ್ಹೋಲರ್ ತನ್ನ ದೀರ್ಘಕಾಲದ ಪರೀಕ್ಷೆಗಳಿಂದ ತೋರಿಸಿದನು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಬಿರುಕುಬಿಟ್ಟ ಅಚ್ಚನ್ನು ಭಾನುವಾರ ಷೆಡ್ಡಿನಲ್ಲಿ ನಿಲ್ಲಿಸಿದರೆ ಬಿರುಕು ಕೂಡಿಕೊಳ್ಳುವುದಿಲ್ಲ. ಸ್ನಾಯುವು ಕೂಡಿಕೊಳ್ಳುತ್ತದೆ. ಅದರ ತಂತುಗಳಲ್ಲಿ ಕೂಡಿಕೊಂಡ ಫಾಸ್ಫೇಟು ಕಡಮೆಯಾಗುತ್ತದೆ, ಹೆಚ್ಚುಕಡಮೆಯಾದ ಲವಣಗಳು ತಮ್ಮ ತಮ್ಮ ಸ್ಥಳಕ್ಕೆ ಮರಳುತ್ತವೆ. ಜೀವವಿರುವ ಯಂತ್ರಕ್ಕೂ ಇಲ್ಲದ ಯಂತ್ರಕ್ಕೂ ಇರುವ ಅಂತರ ಇದೇ: ಒಂದಕ್ಕೆ ಬಿಡುವು ನಷ್ಟ, ಇನ್ನೊಂದಕ್ಕೆ ಬಿಡುವೇ ರಿಪೇರಿ.

ಈ ಅಂತರವನ್ನು ಕಾರ್ಖಾನೆಯೊಳಗೇ ಅಳೆದು ನೋಡಿದವನು ಒಬ್ಬ ಭೌತವಿಜ್ಞಾನಿಯೆಂಬುದು ನನಗೆ ಹೆಮ್ಮೆಯ ವಿಷಯ. ಸೂಕ್ಷ್ಮದರ್ಶಕದಿಂದ ಎಷ್ಟು ಕಿರಿದಾದುದನ್ನು ಕಾಣಬಹುದೆಂಬ ಮಿತಿಯನ್ನು 1873ರಲ್ಲಿ ಗೊತ್ತುಮಾಡಿದ ಅರ್ನ್‌ಸ್ಟ್ ಅಬ್ಬೆಯ ಹೆಸರನ್ನು ದೃಗ್ವಿಜ್ಞಾನದ ಪಾಠದಲ್ಲಿ ನೀವು ಕೇಳಿದ್ದೀರಿ. ಜರ್ಮನಿಯ ಯೇನಾ ನಗರದ ಕಾರ್ಲ್ ತ್ಸೈಸ್ ಕಾರ್ಖಾನೆಯನ್ನು ನಡೆಸುವ ಹೊಣೆ ಅವನದಾಗಿತ್ತು. ಅವನ ತಂದೆಯು ನೂಲಿನ ಗಿರಣಿಯಲ್ಲಿ ದಿನಕ್ಕೆ 14ರಿಂದ 16 ಗಂಟೆಗಳ ಕಾಲ ನಿಂತು ದುಡಿಯುತ್ತಿದ್ದವನು. ಊಟವನ್ನು ಒಯ್ಯುತ್ತಿದ್ದ ಬಾಲಕ ಅಬ್ಬೆಯು, ತಂದೆಯು ಯಂತ್ರದ ಮಗ್ಗುಲಲ್ಲೇ ನಿಂತು ಅವಸರದಿಂದ ಉಂಡು ಪಾತ್ರೆಯನ್ನು ಹಿಂದಕ್ಕೆ ಕೊಡುವುದನ್ನು ಕಂಡಿದ್ದನು. ದೊಡ್ಡವನಾಗಿ ಅಧಿಕಾರ ಕೈಗೆ ಬಂದ ಮೇಲೆ 1896ರ ನಿಯಮಾವಳಿಯಲ್ಲಿ ಸಂಬಳಸಹಿತವಾದ ರಜೆಯನ್ನು ಕೆಲಸಗಾರರ ಹಕ್ಕಾಗಿ ಬರೆಯಿಸಿದನು. 1900ರಲ್ಲಿ ದಿನದ ಕೆಲಸವನ್ನು ಒಂಬತ್ತು ಗಂಟೆಗಳಿಂದ ಎಂಟಕ್ಕೆ ಇಳಿಸಿದನು.

ಇಳಿಸಿ ಸುಮ್ಮನಾಗಲಿಲ್ಲ. ವಿಜ್ಞಾನಿಯಾದುದರಿಂದ ಅಳೆದನು. ಮಾಡಿದಷ್ಟು ಕೆಲಸಕ್ಕೆ ಕೂಲಿಯನ್ನು ಪಡೆಯುತ್ತಿದ್ದ 233 ಮಂದಿ ಅನುಭವಸ್ಥರ ಲೆಕ್ಕವನ್ನು ಬದಲಾವಣೆಯ ಹಿಂದಿನ ವರ್ಷ, ಮುಂದಿನ ವರ್ಷ ಎರಡರಲ್ಲಿಯೂ ತೆಗೆಯಿಸಿದನು. ಎಂಟು ಗಂಟೆಗಳಲ್ಲಿ ಒಂಬತ್ತು ಗಂಟೆಗಳ ಕೆಲಸವಾಗಬೇಕಾದರೆ ಗಂಟೆಯ ಉತ್ಪತ್ತಿಯು ನೂರಕ್ಕೆ 12.5ರಷ್ಟು ಹೆಚ್ಚಬೇಕು. ಹೆಚ್ಚಿದ್ದು ನೂರಕ್ಕೆ 16.2. ಗುಣಿಸಿ ನೋಡಿ: ಒಂದು ಗಂಟೆ ಕಡಮೆ ದುಡಿದರೂ ದಿನದ ಒಟ್ಟು ಕೆಲಸ ನೂರಕ್ಕೆ ಮೂರರಷ್ಟು ಏರಿತು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮೊದಮೊದಲು ಕೆಲಸಗಾರರು ಬೇಕೆಂದೇ ಅವಸರಪಟ್ಟರು. ಅದು ಸಾಧ್ಯವಾಗದೆ, ನಾವು ಹಳೆಯ ವೇಗಕ್ಕೇ ಬಂದೆವು ಎಂದುಕೊಂಡು ಬಿಟ್ಟುಬಿಟ್ಟರು. ಲೆಕ್ಕ ಮಾತ್ರ ಏರಿದ ವೇಗವನ್ನೇ ತೋರಿಸುತ್ತಿತ್ತು. ಕೆಲಸವಿರಲಿ, ಇಲ್ಲದಿರಲಿ, ಯಂತ್ರವು ಬರಿದೇ ತಿರುಗುವುದಕ್ಕೂ ಶಕ್ತಿ ವೆಚ್ಚವಾಗುವಂತೆ, ಮನುಷ್ಯನು ಕೆಲಸದ ಸ್ಥಳದಲ್ಲಿ ಸುಮ್ಮನೆ ಇರುವುದಕ್ಕೂ ಶಕ್ತಿ ವೆಚ್ಚವಾಗುತ್ತದೆ. ಆ ಒಂದು ಗಂಟೆಯ ಬರಿ ತಿರುಗಾಟ ಉಳಿದುದೇ ಲಾಭವೆಂದು ಅಬ್ಬೆ ವಿವರಿಸಿದನು. ರಜೆಯಲ್ಲಿಯೂ ಕಚೇರಿಯ ಕರೆಗಾಗಿ ಕಿಸೆಯ ಮೊಬೈಲಿಗೆ ಕಿವಿಗೊಟ್ಟು ಕುಳಿತವನ ಸ್ಥಿತಿಯನ್ನು ಅವನು ಕಂಡಿದ್ದರೆ ಬರಿ ತಿರುಗಾಟಕ್ಕೆ ಇನ್ನೂ ಉತ್ತಮವಾದ ಉದಾಹರಣೆ ಸಿಗುತ್ತಿತ್ತು.

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳು ಇದೇ ಪಾಠವನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಕಲಿಸಿದವು. ಆಗ ಬರೆದಿಟ್ಟ ಅಂಕಿಗಳನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕವೆಲ್ 2014ರಲ್ಲಿ ಮತ್ತೆ ಪರಿಶೀಲಿಸಿದರು. ವಾರಕ್ಕೆ 49 ಗಂಟೆಗಳವರೆಗೆ ದುಡಿದಷ್ಟೂ ಉತ್ಪತ್ತಿ. ಅಲ್ಲಿಂದ ಮೇಲೆ ಅದರ ಏರಿಕೆ ಕುಗ್ಗುತ್ತದೆ. 70 ಗಂಟೆ ದುಡಿದವರ ಉತ್ಪತ್ತಿಗೂ 56 ಗಂಟೆ ದುಡಿದವರ ಉತ್ಪತ್ತಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಭಾನುವಾರದ ಬಿಡುವಿಲ್ಲದ ವಾರಗಳಲ್ಲಿ ಉತ್ಪತ್ತಿಗೆ ಪೆಟ್ಟು ಬಿದ್ದುದೂ ಕಂಡುಬಂದಿತು. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಬೆಂಗಳೂರಿನ ಹಿರಿಯ ಉದ್ಯಮಿಯೊಬ್ಬರು 2023ರಲ್ಲಿ ಹೇಳಿದಾಗ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯಿತು. ದೇಶಭಕ್ತಿಯ ಮಾತು, ಸೋಮಾರಿತನದ ಮಾತು ಎಲ್ಲವೂ ಬಂದವು. ಹದಿನಾಲ್ಕು ಗಂಟೆಗಳು ಎಲ್ಲಿ ಹೋಗುತ್ತವೆಂಬ ಈ ಲೆಕ್ಕ ಇನ್ನೂ ಹೆಚ್ಚಾಗಿ ಬರಬೇಕಾಗಿತ್ತು.

ಇಷ್ಟಾದರೂ ದಣಿದವನಿಗೆ ತಾನು ದಣಿದಿದ್ದೇನೆಂದು ಗೊತ್ತಾಗಬಾರದೆ? ಇಲ್ಲಿಯೇ ತೊಡಕು. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತರಾದ 48 ಮಂದಿಯ ಮೇಲೆ ನಡೆಸಿದ ನಿದ್ರೆಯ ಪ್ರಯೋಗದ ಫಲಿತಾಂಶವು 2003ರಲ್ಲಿ ಪ್ರಕಟವಾಯಿತು. ಎರಡು ವಾರಗಳ ಕಾಲ ದಿನಕ್ಕೆ ಆರೇ ಗಂಟೆ, ಇಲ್ಲವೆ ಅದಕ್ಕಿಂತಲೂ ಕಡಮೆ, ಮಲಗಲು ಬಿಟ್ಟವರ ಎಚ್ಚರವು ದಿನದಿನಕ್ಕೆ ಕುಸಿದು, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿಯಿತು. ಅವರನ್ನೇ ಕೇಳಿದರೆ, ಕೆಲವು ದಿನಗಳಾದ ಮೇಲೆ ತಮ್ಮ ತೂಕಡಿಕೆ ಅಷ್ಟಾಗಿ ಹೆಚ್ಚಿಲ್ಲವೆಂದೇ ಹೇಳುತ್ತಿದ್ದರು. ಅಳೆಯುವ ಕೋಲೇ ವಸ್ತುವಿನೊಡನೆ ಕುಗ್ಗಿದರೆ ಅಳತೆ ಸರಿಯಾಗಿಯೇ ಇದೆಯೆಂದು ತೋರುತ್ತದೆಯಲ್ಲವೆ?

ದೇಹವು ಕಟ್ಟುವ ಬಡ್ಡಿ ಸಣ್ಣದಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ನೂರಕ್ಕೆ 35ರಷ್ಟು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಅಂದಾಜುಮಾಡಿದವು. ಹಾಗೆಂದು ಒಂದು ದೊಡ್ಡ ರಜೆಯಿಂದ ಎಲ್ಲವೂ ತೀರುತ್ತದೆಯೆಂದೂ ತಿಳಿಯಬಾರದು. ರಜೆಯಿಂದ ದೊರೆತ ಸುಸ್ಥಿತಿಯು ಕೆಲಸಕ್ಕೆ ಮರಳಿದ ಎರಡರಿಂದ ನಾಲ್ಕು ವಾರಗಳಲ್ಲಿ ಕರಗಿಹೋಗುತ್ತದೆಯೆಂದು ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ವರದಿಮಾಡಲಾಯಿತು. ಎಂದರೆ ವಿಶ್ರಾಂತಿಯು ಕಣಜದಲ್ಲಿ ತುಂಬಿಡುವ ಧಾನ್ಯವಲ್ಲ. ಹೊತ್ತುಹೊತ್ತಿಗೆ ಬೇಯಿಸಬೇಕಾದ ಅನ್ನ. ಮುಂದಕ್ಕೆ ಒಯ್ದ 34 ದಿನಗಳು ಕಡತದಲ್ಲಿ ಹಳಸದೆ ಉಳಿದಿದ್ದವು, ನಿಜ. ಅವುಗಳನ್ನು ಉಣ್ಣಬೇಕಾಗಿದ್ದ ತಿಂಗಳುಗಳು ಕಳೆದುಹೋಗಿದ್ದವು.

ಇದನ್ನೆಲ್ಲ ನಾನು ಅಂದೇ ಹೇಳಬೇಕಾಗಿತ್ತು. ಹಾಗೆ ಹೇಳಿದ್ದರೂ ತಂದೆಯವರ ಭಯವು ಸುಳ್ಳಾಗುತ್ತಿರಲಿಲ್ಲ. ಕೈಯಲ್ಲಿ ಆರು ತಿಂಗಳ ಖರ್ಚಿಗೆ ಹಣವಿಲ್ಲದವನು, ಮನೆಯಲ್ಲಿ ಸಾಲವಿರುವವನು ಹೀಗೆ ಕಾಗದ ಬರೆದುಕೊಟ್ಟು ಬರಲಾರನು. ಈ ಹುಡುಗನಿಗೆ ಅಷ್ಟು ಅನುಕೂಲವಿತ್ತು. ಬೀಳ್ಕೊಡುವಾಗ ಬಾಗಿಲ ಬಳಿ ಅವನು ತಂದೆಗೆ ಕೇಳಿಸದಂತೆ ಒಂದು ಮಾತನ್ನು ಹೇಳಿದನು. ಮಾರ್ಚಿಯ ಒಂದು ಬೆಳಗಿನ ಜಾವ ರಾತ್ರಿಪಾಳಿ ಮುಗಿಸಿ ಬರುವಾಗ, ಬೈಕು ರಸ್ತೆಯ ನಡುವಿನ ದಿಂಡಿಗೆ ತಗಲಿದ ಸದ್ದಿನಿಂದಲೇ ಅವನಿಗೆ ಎಚ್ಚರವಾಯಿತಂತೆ. ಅಲ್ಲಿಯವರೆಗಿನ ಅರ್ಧ ಮೈಲಿ ದಾರಿ ಅವನ ನೆನಪಿನಲ್ಲಿಲ್ಲ. “ನಿದ್ದೆ ಬರುತ್ತಿದೆ ಎಂದು ನನಗೆ ಅನ್ನಿಸಿಯೇ ಇರಲಿಲ್ಲ, ಸರ್” ಎಂದನು. ಮೂರನೆಯ ಸಲ ರಜೆಯನ್ನು ಕೇಳಿದುದು ಅದರ ಮರುದಿನ.

ಅವನು ಕಾಗದವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಊರಿಗೆ ಬಂದು ಮೊದಲ ವಾರವೆಲ್ಲ ಮಲಗಿದ್ದನಂತೆ. ತಾಯಿಯವರು ಗಾಬರಿಯಾಗಿ ಡಾಕ್ಟರನ್ನು ಕರೆಸಿದ್ದರು. ಈಗ ಮೈಸೂರಿನಲ್ಲಿ ಹಗಲು ಪಾಳಿಯ ಕೆಲಸವೊಂದಿದೆ, ಸಂಬಳ ಹಿಂದಿನದಕ್ಕಿಂತ ಕಡಮೆ. ಹಳೆಯ ಸಂಸ್ಥೆಯವರು ಉಳಿದಿದ್ದ ರಜೆಗೆ ಲೆಕ್ಕಹಾಕಿ ಹಣವನ್ನು ಕಳುಹಿಸಿದರು. ಮೊನ್ನೆ ಮಾರುಕಟ್ಟೆಯಲ್ಲಿ ಸಿಕ್ಕಿದ ತಂದೆಯವರು, 34 ದಿನಕ್ಕೆ ಎಷ್ಟು ಬಂತೆಂಬುದನ್ನು ರೂಪಾಯಿ ಪೈಸೆಗಳ ಸಮೇತ ನನಗೆ ತಿಳಿಸಿದರು.