ಈಸು ಬಲ್ಲವ ಹೋದ, ಬಾರದವ ಉಳಿದ

ಶ್ರಾವಣದ ಒಂದು ರವಿವಾರ. ಗೋಕಾಕ ಜಲಪಾತದ ದಂಡೆಯ ಮೇಲೆ ಜನವೋ ಜನ. ಘಟಪ್ರಭೆ ಕೆಂಪಗೆ ಮೈದುಂಬಿ ಸುಮಾರು 170 ಅಡಿ ಕೆಳಗೆ ಧುಮುಕುತ್ತಿದ್ದಳು. ನನ್ನ ಜೊತೆಗಿದ್ದವನು ಹಳೆಯ ವಿದ್ಯಾರ್ಥಿ. ಮೂಡಲಗಿ ಕಡೆಯ ರೈತರ ಮಗ, ಈಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಂಜಿನಿಯರ್. ರಜೆಗೆ ಊರಿಗೆ ಬಂದವನು ನನ್ನನ್ನು ಕಾಣಲು ಬಂದಿದ್ದ.

"ಸರ್, ನಾ ಅಲ್ಲೆ ರಬ್ಬರ್ ದೋಣ್ಯಾಗ ಕುಂತು ಹೊಳಿ ಇಳದು ಬಂದೀನ್ರಿ" ಎಂದ.

ನನಗೆ ನಂಬಿಕೆ ಬರಲಿಲ್ಲ. ಈ ಹುಡುಗ ನೀರಿಗೆ ಎಷ್ಟು ಅಂಜುತ್ತಿದ್ದನೆಂದು ನನಗೆ ಗೊತ್ತಿತ್ತು. ಅಂಜಿಕೆಯ ಕಾರಣವೂ ಗೊತ್ತಿತ್ತು.

ಇವನು ಒಂಬತ್ತನೆಯ ವರ್ಗದಲ್ಲಿದ್ದಾಗ ಇವನ ಬೆಂಚಿನಲ್ಲಿಯೇ ಕೂಡುತ್ತಿದ್ದ ಗೆಳೆಯನೊಬ್ಬ ಕಾಲುವೆಯಲ್ಲಿ ಹೋದ. ಅವನು ಇಡೀ ವರ್ಗಕ್ಕೇ ಒಳ್ಳೆಯ ಈಜುಗಾರ. ಪಣ ಕಟ್ಟಿ ಜಿಗಿದವನು ಮರುದಿನ ಹೆಣವಾಗಿ ಸಿಕ್ಕ. ಅದೇ ವಾರ ನಾನು ಆರ್ಕಿಮಿಡೀಸನ ತತ್ವವನ್ನು ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೆ. ಊರ ಪಕ್ಕದ ಕಾಲುವೆಯ ಬಗ್ಗೆ ಮಾತ್ರ ಒಂದು ಮಾತನ್ನೂ ಆಡಿರಲಿಲ್ಲ. ಆ ಕೊರಗು ಇಂದಿಗೂ ಹೋಗಿಲ್ಲ.

ಇವನು ಇಳಿದ ಹೊಳೆಯ ಹೆಸರೇ ಅಮೆರಿಕನ್ ನದಿ. ಅದರ ದಕ್ಷಿಣ ಕವಲಿನ ದಂಡೆಯ ಕೊಲೋಮಾ ಎಂಬ ಊರಿನಲ್ಲಿಯೇ 1848ರಲ್ಲಿ ಚಿನ್ನ ಸಿಕ್ಕು, ಜಗತ್ತಿನ ಜನವೆಲ್ಲ ಕ್ಯಾಲಿಫೋರ್ನಿಯಾಕ್ಕೆ ಮುಗಿಬಿದ್ದದ್ದು. ಈಗ ಅಲ್ಲಿಗೆ ಶನಿವಾರ, ರವಿವಾರ ಜನ ಬರುವುದು ದೋಣಿಯಾಟಕ್ಕೆ. ಸಿಯೆರಾ ನೆವಾಡಾ ಬೆಟ್ಟಗಳ ಹಿಮ ಕರಗಿದ ನೀರು. ಚಿಲಿ ಬಾರ್ ಎಂಬ ಅಣೆಕಟ್ಟಿನಿಂದ ನೀರು ಬಿಟ್ಟಂತೆ ಕೆಳಗೆ ಹೊಳೆಯ ಓಟ. ಹರಿವಿನ ರಭಸವನ್ನು 1ರಿಂದ 6ರವರೆಗೆ ದರ್ಜೆ ಮಾಡುತ್ತಾರೆ. ಇದು 3ನೆಯ ದರ್ಜೆಯದು.

ಗೆಳೆಯರು ಒತ್ತಾಯ ಮಾಡಿ ಇವನನ್ನು ಕರೆದೊಯ್ದರು. ದೋಣಿ ಹತ್ತುವ ಮೊದಲು ಮಾರ್ಗದರ್ಶಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಮಾಡಿದ. ತೇಲುವ ಅಂಗಿಯ ಪಟ್ಟಿಗಳನ್ನು ತಾನೇ ಜಗ್ಗಿ ನೋಡಿದ. ತಲೆಗೆ ಹೆಲ್ಮೆಟ್ ಹಾಕಿಸಿದ. "ಬಿದ್ದರೆ ಅಂಗಾತ ಮಲಗಿ, ಕಾಲು ಹರಿವಿನ ಕಡೆಗೆ ಚಾಚಿ. ಎದ್ದು ನಿಲ್ಲಬೇಡಿ" ಎಂದು ಮೂರು ಸಲ ಹೇಳಿಸಿದ.

ಮಧ್ಯಾಹ್ನ ಒಂದು ಬಂಡೆಗೆ ದೋಣಿ ಬಡಿದು ಇವನು ಬಿದ್ದೇಬಿಟ್ಟ. ತಣ್ಣೀರು ಉಸಿರು ಕಟ್ಟಿಸಿತು. ಆದರೂ ಹೇಳಿದ್ದು ನೆನಪಾಗಿ ಅಂಗಾತ ತೇಲಿದ. ಹಗ್ಗ ಎಸೆದು ಎಳೆದುಕೊಂಡರು.

ಕತೆ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಂವಗ ಈಸು ಬರತಿತ್ತು, ಅಂವ ಹೋದಾ. ನನಗ ಈಸಾಕ ಬರೂದಿಲ್ಲ, ನಾ ಉಳದೆ. ಯಾಕ್ರಿ ಸರ್?"

ಅಂದು ಮಾಡದ ಪಾಠವನ್ನು ಇಂದು ಮಾಡುತ್ತೇನೆ, ಕೇಳಿ.

ಮನುಷ್ಯನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರವಾದದ್ದು. ಎದೆ ತುಂಬ ಉಸಿರಿದ್ದರೆ ತೇಲುತ್ತದೆ, ಉಸಿರು ಬಿಟ್ಟರೆ ಮುಳುಗುತ್ತದೆ. ತಲೆ ನೀರಿನ ಮೇಲಿರಲು ದೊಡ್ಡವರಿಗೆ ಸಾಮಾನ್ಯವಾಗಿ 3ರಿಂದ 5 ಕಿಲೋ ತೂಕದಷ್ಟು ಹೆಚ್ಚಿನ ಆಸರೆ ಸಾಕು. ತೇಲುವ ಅಂಗಿ ಕೊಡುವುದು ಅದನ್ನೇ. ಅದಕ್ಕೆ ದಣಿವಿಲ್ಲ, ಗಾಬರಿಯಿಲ್ಲ. ಈಜುಗಾರನಿಗೆ ಎರಡೂ ಉಂಟು.

ಎರಡನೆಯದು ನೀರಿನ ವೇಗ. ವೇಗ ಇಮ್ಮಡಿಯಾದರೆ ನೀರು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಮೊಳಕಾಲುದ್ದ ನೀರೂ ಆಳನ್ನು ಕೆಡವಬಲ್ಲದು. ನಿಲ್ಲಲು ಹೋದರೆ ಪಾದ ಕಲ್ಲಿನ ಸಂದಿಯಲ್ಲಿ ಸಿಕ್ಕು, ಹಿಂದಿನ ನೀರು ಮೈಯನ್ನು ಮಗುಚಿ ಹಾಕುತ್ತದೆ.

ಮೂರನೆಯದು ದಂಡೆ. ಹೊಳೆಗೆ ಬಂಡೆಯುಂಟು, ಬೇರುಂಟು. ಗಿಲಾವು ಮಾಡಿದ ಕಾಲುವೆಯ ಇಳಿಜಾರು ಗೋಡೆಗೆ ಪಾಚಿ ಬಿಟ್ಟರೆ ಬೇರೇನೂ ಇಲ್ಲ. ಒಳಗೆ ಜಿಗಿಯುವುದು ಸುಲಭ, ಹತ್ತುವುದು ಕಷ್ಟ. ನಮ್ಮ ಹುಡುಗನಿಗೆ ತೋಳಿನ ಬಲವಿತ್ತು, ಹಿಡಿಯಲು ಆಸರೆ ಇರಲಿಲ್ಲ. ಬಾಂದಾರದ ಕೆಳಗಂತೂ ಇಳಿಯಲೇಬೇಡಿ. ಮೇಲಿಂದ ಬಿದ್ದ ನೀರು ಅಲ್ಲಿ ಸುತ್ತಿ ಹಿಂದಕ್ಕೆ ತಿರುಗುತ್ತದೆ. ಬಿದ್ದವನನ್ನು ಮತ್ತೆ ಮತ್ತೆ ಗೋಡೆಯ ಬುಡಕ್ಕೇ ಎಳೆಯುತ್ತದೆ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅಲ್ಲಿ ತೇಲುವುದೂ ಕಡಿಮೆ.

ನಾಲ್ಕನೆಯದು ಸಮಯ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ನೀರು ಬಿಟ್ಟರೆ, ನಮ್ಮ ಊರಿನಲ್ಲಿ ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಬೆಳಿಗ್ಗೆ ಕಂಡ ಬಂಡೆ ಸಂಜೆ ಕಾಣದು.

ಪಾಲಕರಲ್ಲಿ ಒಂದು ಮಾತು. "ಹೊಳಿ ಕಡೆ ಹೋಗಬ್ಯಾಡ" ಎಂದರೆ ಮಕ್ಕಳು ಕದ್ದು ಹೋಗುತ್ತಾರೆ. ಹಿಂದೆ ಅಪ್ಪ, ಕಾಕಾ ಬೆನ್ನಿಗೆ ಬೆಂಡು ಕಟ್ಟಿ, ತಾವೂ ಬಾವಿಗಿಳಿದು ಈಸು ಕಲಿಸುತ್ತಿದ್ದರು. ಆ ಬೆಂಡು ಇಂದಿನ ತೇಲುವ ಅಂಗಿಯ ಅಣ್ಣನೇ ಸರಿ. ಆ ರೂಢಿ ಬಿಡಬೇಡಿ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಜಿಗಿಯಬಾರದೆಂದೂ ಕಲಿಸಿ. ಹಗ್ಗ, ಧೋತರ, ಉದ್ದನೆಯ ಗಳ ಚಾಚಲಿ. ಬಿಗಿಯಾಗಿ ಮುಚ್ಚಿದ 5 ಲೀಟರಿನ ಖಾಲಿ ಎಣ್ಣೆ ಡಬ್ಬಿಯೂ ಸುಮಾರು 5 ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ, ಅದನ್ನೆಸೆಯಲಿ.

ದೋಣಿಯಾಟಕ್ಕೆ ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಉತ್ತರ ಕನ್ನಡದ ಗಣೇಶಗುಡಿಯ ಹತ್ತಿರ, ಸೂಪಾ ಅಣೆಕಟ್ಟಿನ ಕೆಳಗೆ ಕಾಳಿ ನದಿಯಲ್ಲಿಯೂ ಇದೆ. ಹೋಗುವುದಾದರೆ ಅಂಗಿಯ ಪಟ್ಟಿಯನ್ನು ನೀವೇ ಜಗ್ಗಿ ನೋಡಿ.

ಹೊರಡುವಾಗ ಅವನು ಹೇಳಿದ: "ಈ ಸಲ ಈಸು ಕಲತs ಹೋಗತೇನ್ರಿ ಸರ್. ನಮ್ಮ ತೋಟದ ಬಾವ್ಯಾಗ, ಬೆಂಡು ಕಟಗೊಂಡು."

"ಒಬ್ಬನs ಇಳಿಬ್ಯಾಡಪಾ ತಮ್ಮಾ" ಎಂದೆ. ಮರುದಿನ ನಾನೂ ವರ್ಗಕ್ಕೆ ಒಂದು ಬಕೆಟ್ ನೀರು, ಖಾಲಿ ಡಬ್ಬಿ ಒಯ್ದೆ.