ಕರಿಯ ಬಚ್ಚಲಿಗೆ ತಕ್ಕ ಬೆಳಕು

ಹಂಡೆಯೊಲೆಯ ಮಸಿಯಿಂದ ತಾನಾಗಿಯೇ ಕಪ್ಪಾಗುತ್ತಿದ್ದ ಬಚ್ಚಲುಮನೆಗೆ ಈಗ ಯಲಹಂಕದ ಗೃಹಸ್ಥರು ಹಣ ತೆತ್ತು ಕರಿಗಲ್ಲನ್ನು ಹೊದಿಸುತ್ತಿರುವುದನ್ನು ಕಾಣುತ್ತಿದ್ದೇವೆ. ಆಗಲಿ, ಕಪ್ಪೂ ಒಂದು ವರ್ಣವೇ! ಆದರೆ ಬಿಳಿಯ ಗೋಡೆಯು ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಹಿಂದಿರುಗಿಸುವುದು, ಕರಿಯದು ನುಂಗಿಬಿಡುವುದು. ಆದುದರಿಂದ ಚಾವಣಿಯ ಒಂಟಿ ದೀಪವು ಅಲ್ಲಿ ಸಾಲದು. ನೆಲದ ಸಾಬೂನುನೀರು ಕಾಣದೆ ವೃದ್ಧರು ಜಾರಿಬಿದ್ದು ತೊಡೆಯೆಲುಬು ಮುರಿದುಕೊಂಡರೆ ಆ ಅಲಂಕಾರದಿಂದ ಫಲವೇನು? ಕನ್ನಡಿಯ ಉಭಯ ಪಾರ್ಶ್ವಗಳಲ್ಲಿ ಮುಖದೆತ್ತರಕ್ಕೆ ಒಂದೊಂದು ಎಲ್‌ಇಡಿ ದೀಪವೂ, ಸ್ನಾನದೆಡೆಯ ಮೇಲೆ ಬೇರೊಂದೂ ಇರತಕ್ಕದ್ದು. ನುಣುಪಾದ ಕರಿಗಲ್ಲು ದೀಪವನ್ನು ಪ್ರತಿಬಿಂಬಿಸಿ ಕಣ್ಣು ಕುಕ್ಕುವುದುಂಟು. ಅದಕ್ಕೆ ಮಬ್ಬುಗಾಜಿನ ಮುಚ್ಚಳವೇ ಪರಿಹಾರ. ಕೊಳ್ಳುವಾಗ ವ್ಯಾಟನ್ನಲ್ಲ, ಲ್ಯೂಮೆನ್ ಅಂಕಿಯನ್ನು ನೋಡಬೇಕು. ೬೫೦೦ ಕೆಲ್ವಿನ್ನಿನ ನೀಲಿಛಾಯೆಗಿಂತ ೩೦೦೦ದ ಹೊಂಬೆಳಕೇ ಕರಿಗಲ್ಲಿಗೆ ಒಪ್ಪುವುದೆಂದು ನಮ್ಮ ಮತ. ನೀರು ಸಿಡಿಯುವೆಡೆಯ ದೀಪವು ಐಪಿ ೪೪ಕ್ಕೆ ಕಡಮೆಯದಾಗಿರಬಾರದು. ಸ್ವಿಚ್ಚು ಬಾಗಿಲ ಹೊರಗಿರಲಿ. ಒದ್ದೆಗೈ ಅದಕ್ಕೆ ತಾಕಕೂಡದು.